ದೊಡ್ಡಪ್ಪನ ಏಳು ಗುಟ್ಟು

ನಮ್ಮ ವಾಟ್ಸಾಪ್ ಗುಂಪಿನ ಹೆಸರು ‘ಅಜ್ಜನ ಮನೆ’. ಹದಿನೇಳು ಜನ ಇದ್ದೀವಿ. ಮಾತಾಡೋರು ಏಳೆಂಟು ಮಂದಿ, ಉಳಿದವರು ಓದಿ ಸುಮ್ಮನಾಗೋರು. ಕಳೆದ ಭಾನುವಾರದ ಜಗಳ ಇಲ್ಲಿ ಹಾಕ್ತೀನಿ ಅಂದಾಗ ಯಾರೂ ಬೇಡ ಅನ್ನಲಿಲ್ಲ. ದೊಡ್ಡಪ್ಪ ಮಾತ್ರ ಷರತ್ತು ಹಾಕಿದ್ರು: ‘ನಾನು ಸರಿ ಹೇಳಿದ್ದನ್ನ ಕತ್ತರಿಸಬಾರದು.’ ಕತ್ತರಿಸಿಲ್ಲ. ಹೆಸರುಗಳು ನನ್ನ ಫೋನಿನಲ್ಲಿ ಸೇವ್ ಆಗಿರೋ ಹಾಗೇ ಇವೆ. ‘ತಮ್ಮ’ ಅಂದ್ರೆ ಚಿಕ್ಕಪ್ಪನ ಮಗ. ದಾವಣಗೆರೆಯ ಮಂಡಿಪೇಟೆ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ದೊಡ್ಡಪ್ಪ ರಿಟೈರ್ಡ್ ಮೇಷ್ಟ್ರು. ಅಷ್ಟು ಗೊತ್ತಿದ್ರೆ ಸಾಕು.

ದೊಡ್ಡಪ್ಪ, 6:12
ನಿಮ್ಮ ಫೋನಿನ 7 ರಹಸ್ಯಗಳು!! ಕಂಪನಿಯವರು ಎಂದೂ ಹೇಳುವುದಿಲ್ಲ!!
1) ನಿಮ್ಮ ಮಾತು ಯಾರಾದರೂ ಕದ್ದು ಕೇಳುತ್ತಿದ್ದಾರೆಯೇ? *#21# ಒತ್ತಿ ನೋಡಿ.
2) ಬ್ಯಾಟರಿ ಮುಗಿಯಿತೇ? *3370# ಒತ್ತಿ. ಅಡಗಿಸಿಟ್ಟ 50% ಚಾರ್ಜ್ ಬರುತ್ತದೆ.
3) ಫೋನ್ ನೀರಿಗೆ ಬಿದ್ದರೆ 24 ಗಂಟೆ ಅಕ್ಕಿಯಲ್ಲಿ ಹೂತಿಡಿ.
4) ದಿನಕ್ಕೆ ಹತ್ತು ಬಾರಿ ತೆರೆದಿರುವ ಎಲ್ಲಾ ಆ್ಯಪ್‌ಗಳನ್ನು ಒರೆಸಿ ಹಾಕಿ.
5) ವಾರಕ್ಕೊಮ್ಮೆ ಬ್ಯಾಟರಿ ಸೊನ್ನೆಗೆ ಇಳಿಸಿ ನೂರು ತುಂಬಿಸಿ.
6) ಕಾರಿನ ಕೀ ಒಳಗೇ ಉಳಿಯಿತೇ? ಮನೆಯವರಿಗೆ ಫೋನ್ ಮಾಡಿ, ಇನ್ನೊಂದು ಕೀ ಫೋನಿನ ಬಳಿ ಹಿಡಿದು ಒತ್ತಲು ಹೇಳಿ. ಬಾಗಿಲು ತೆರೆಯುತ್ತದೆ.
7) ಯಾವ ಟವರ್ ಇಲ್ಲದಿದ್ದರೂ 112 ಹತ್ತುತ್ತದೆ.
ಹತ್ತು ಜನರಿಗೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ.

ಚಿಕ್ಕಮ್ಮ, 6:31
ಭಾವ ಒಳ್ಳೆ ಟೈಮಿಗೆ ಕಳಿಸಿದ್ರಿ. ರಾತ್ರಿ ಇವರ ಫೋನ್ ನೀರಿನ ಡ್ರಮ್ಮಿಗೆ ಬಿತ್ತು. ಈಗ್ಲೇ ಅಕ್ಕಿ ಡಬ್ಬಿಗೆ ಹಾಕ್ದೆ.

ತಮ್ಮ, 8:47
ಅಮ್ಮಾ!!! ನಾನು ಪಕ್ಕದ ರೂಮಲ್ಲೇ ಮಲಗಿದ್ನಲ್ಲ. ರಿಪೇರಿ ಮಾಡೋನು ಮನೆಯಾಗೇ ಇದ್ದೂ ಅಕ್ಕಿ ಡಬ್ಬಿನಾ?

ಚಿಕ್ಕಮ್ಮ
ನೀನು ಎದ್ದಿದ್ದೇ ಈಗ.

ತಮ್ಮ
ಮೊದ್ಲು ತೆಗಿ ಅದನ್ನ. ಅಕ್ಕಿ ನೀರು ಎಳಿಯಲ್ಲ. ಅದರ ಧೂಳು, ನುಚ್ಚು ಚಾರ್ಜರ್ ತೂತಿಗೆ ಹೋಗುತ್ತೆ. ಆಪಲ್‌ನೋರೇ 2024ರಲ್ಲಿ ಅಕ್ಕಿಲಿ ಇಡಬೇಡಿ ಅಂತ ಬರೆದು ಹಾಕಿದ್ರು. ನಮ್ಮ ಅಂಗಡಿಗೆ ಮಳೆಗಾಲದಾಗೆ ಬರೋ ಫೋನ್ ಅರ್ಧಕ್ಕರ್ಧ ಹಿಂಗೇ. ನಾನು ಮೊದ್ಲು ಸೂಜಿ ಹಿಡ್ಕೊಂಡು ಅಕ್ಕಿಹಿಟ್ಟು ಕೆರೀಬೇಕು, ಆಮೇಲೆ ರಿಪೇರಿ.
ಸ್ವಿಚ್ ಆಫ್ ಮಾಡು. ಸಿಮ್ ಟ್ರೇ ಹೊರಗೆ ಎಳಿ. ಚಾರ್ಜರ್ ತೂತು ಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ತಟ್ಟು. ಫ್ಯಾನಿನ ಗಾಳಿಗೆ ಇಡು. ಹೇರ್ ಡ್ರೈಯರ್ ಬೇಡ. ಪೂರ್ತಿ ಒಣಗೋ ಮುಂಚೆ ಚಾರ್ಜಿಗೆ ಹಾಕಿದ್ರೆ ಬೋರ್ಡೇ ಹೋಗುತ್ತೆ.

ಚಿಕ್ಕಪ್ಪ (ಚಿಕ್ಕಮ್ಮನ ಫೋನಿಂದ)
ಅಕ್ಕಿ ಬೇಡಂದ್ರೆ ಮಂಡಕ್ಕಿಲಿ ಇಡಬಹುದೇನೋ? ನಮ್ಮೂರಾಗೆ ಅದಕ್ಕೇನು ಬರ.

ತಮ್ಮ
ಅಪ್ಪಾ, ಮಂಡಕ್ಕಿ ಮಿರ್ಚಿ ಜೊತೆ. ಫೋನ್ ಜೊತೆ ಅಲ್ಲ.

ದೊಡ್ಡಪ್ಪ, 9:02
ಒಂದು ಅಂಶ ತಪ್ಪಿರಬಹುದು. ಉಳಿದ ಆರನ್ನು ನೋಡಿ ಮಾತನಾಡು.

ತಮ್ಮ
ದೊಡ್ಡಪ್ಪಾ ಬೇಜಾರ್ ಮಾಡ್ಕೋಬೇಡಿ. ಇದು ನಾನು ಸ್ಕೂಲಿಗೆ ಹೋಗೋವಾಗಿಂದ ಸುತ್ತುತಿರೋ ಮೆಸೇಜು. *3370# ಹಳೇ ನೋಕಿಯಾ ಕೋಡ್. ಅದನ್ನ ಹಾಕಿದ್ರೆ ಕಾಲಿನ ದನಿ ಚೆನ್ನಾಗಿ ಕೇಳ್ತಿತ್ತು, ಬ್ಯಾಟರಿ ಇನ್ನೂ ಬೇಗ ಖಾಲಿ ಆಗ್ತಿತ್ತು. ಮೆಸೇಜ್ ಹೇಳೋದಕ್ಕೆ ಪೂರ್ತಿ ಉಲ್ಟಾ. ಈಗಿನ ಫೋನಲ್ಲಿ ಅದೂ ಇಲ್ಲ. ಕಾರ್ ಕೀ ಅಂತೂ ರೇಡಿಯೋ ಅಲೆ ಮೇಲೆ ಕೆಲಸ ಮಾಡೋದು. ಫೋನ್ ಕಾಲಲ್ಲಿ ಹೋಗೋದು ದನಿ. ಕೀ ಒತ್ತಿದ ಟಿಕ್ ಸದ್ದು ಕೇಳಿ ಕಾರೇನು ಎದ್ದು ಬಾಗಿಲು ತೆಗೀತದಾ?

ಅಕ್ಕ (ಬೆಂಗಳೂರು), 9:10
ನಾಲ್ಕನೇದೂ ಸರಿ ಇಲ್ಲ ದೊಡ್ಡಪ್ಪ. ಆ್ಯಪ್ ಒರೆಸಿದರೆ ಬ್ಯಾಟರಿ ಉಳಿಯಲ್ಲ. ಆಗ ಆಂಡ್ರಾಯ್ಡ್ ನೋಡಿಕೊಳ್ತಿದ್ದ ಹಿರೋಶಿ ಲಾಕ್‌ಹೈಮರ್ ಅವರೇ 2016ರಲ್ಲಿ ಇದನ್ನ ಹೇಳಿದ್ರು. ಹಿಂದೆ ಕೂತಿರೋ ಆ್ಯಪ್‌ನ ಫೋನೇ ನಿದ್ದೆಗೆ ಹಾಕಿರುತ್ತೆ. ನೀವು ಒರೆಸಿ ಮತ್ತೆ ತೆಗೆದರೆ ಮೊದಲಿಂದ ಎದ್ದು ಬರಬೇಕು, ಅದಕ್ಕೇ ಜಾಸ್ತಿ ಖರ್ಚು.

ತಮ್ಮ
ಬೆಣ್ಣೆದೋಸೆ ಭಟ್ಟ ಒಂದೊಂದು ದೋಸೆಗೂ ಒಲೆ ಆರಿಸಿ ಮತ್ತೆ ಹಚ್ಚಿದಂಗೆ. ಸೌದೆ ಉಳೀತದಾ?
ಫೋನ್ ‘ಕ್ಲೀನ್’ ಮಾಡೋ ಆ್ಯಪ್‌ಗಳೂ ಅಷ್ಟೇ. ಅವನ್ನ ತೆಗೆದ್ರೇ ಫೋನ್ ಕ್ಲೀನು.

ದೊಡ್ಡಪ್ಪ
ಐದನೆಯದು? ಸೊನ್ನೆಗೆ ಇಳಿಸಿ ನೂರು ಮಾಡಬೇಕು ಎಂದು ನಾನೇ ಓದಿದ್ದೇನೆ. ಮನೆಯ ಕಾರ್ಡ್‌ಲೆಸ್ ಫೋನಿಗೆ ಹಾಗೇ ಮಾಡಿ ಆರು ವರ್ಷ ಬಾಳಿಸಿದ್ದೇನೆ.

ಅಕ್ಕ
ಅದು ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಇದ್ದಿರಬೇಕು ದೊಡ್ಡಪ್ಪ. ಅದಕ್ಕೆ ನೀವು ಮಾಡಿದ್ದೇ ಸರಿ. ಈಗಿನವು ಲಿಥಿಯಂ. ಸೊನ್ನೆಗೆ ಇಳಿಸಿದಷ್ಟೂ ಆಯಸ್ಸು ಕಡಿಮೆ. 20ರಿಂದ 80ರ ನಡುವೆ ಓಡಾಡಿಸಿದರೆ ಸಾಕು. ಹೊಸ ಫೋನುಗಳಲ್ಲಿ 80ಕ್ಕೆ ನಿಲ್ಲಿಸೋ ಸೆಟ್ಟಿಂಗ್ ಕೂಡ ಇದೆ.

ತಮ್ಮ
ಎಲ್ಲಕ್ಕಿಂತ ದೊಡ್ಡ ಶತ್ರು ಬಿಸಿಲು. ಆಪಲ್‌ನೋರು 35 ಡಿಗ್ರಿ ದಾಟಿದ ಕಡೆ ಬಳಸಬೇಡಿ ಅಂತಾರೆ. ನಮ್ಮೂರ ಏಪ್ರಿಲ್ ನೋಡಿಲ್ಲ ಅವರು. ಬೈಕ್ ಹ್ಯಾಂಡಲ್‌ಗೆ ಸಿಗಿಸಿ, ಮ್ಯಾಪ್ ಹಾಕಿ, ಮೇಲಿಂದ ಚಾರ್ಜಿಗೂ ಹಾಕ್ಕೊಂಡು ಹರಿಹರಕ್ಕೆ ಹೋಗಿ ಬರ್ತಾರೆ, ಆಮೇಲೆ ‘ಬ್ಯಾಟರಿ ಉಬ್ಬೈತೆ’ ಅಂತ ಅಂಗಡಿಗೆ ಬರ್ತಾರೆ.

ಚನ್ನಗಿರಿ ಮಾವ, 9:26
ನಮ್ಮದು ಮಧ್ಯಾಹ್ನಕ್ಕೇ ಖಾಲಿ ಆಗ್ತದೆ ಬಿಸಿಲಿಗೆ ಇಡಲ್ಲ ನೆರಳಲ್ಲೇ ಇರ್ತೀನಿ ಬೆಳಿಗ್ಗೆ ಅಡಿಗೆಗೆ ನೀರು ಬಿಟ್ಟು ಬರೋದ್ರಾಗೆ ಐವತ್ತು

ತಮ್ಮ
ಅಡಿಗೆಗಾ ಮಾವ?

ಚನ್ನಗಿರಿ ಮಾವ
ಅಡಕೆಗೆ ಕಣೋ. ನಾನು ಬಾಯಾಗೆ ಹೇಳಿದ್ದು, ಫೋನು ಬರ್ಕೊಂಡಿದ್ದು.

(ಮಾವ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿ ಬರೆಸ್ತಾರೆ. ಫುಲ್ ಸ್ಟಾಪ್ ಬರಲ್ಲ, ಆಗಾಗ ಅಡಕೆ ಅಡಿಗೆ ಆಗುತ್ತೆ. ಆದ್ರೂ ನಮ್ಮ ಗುಂಪಿನಲ್ಲಿ ಫೋನಿಂದ ಸರಿಯಾಗಿ ದುಡಿಸಿಕೊಳ್ತಿರೋರು ಯಾರು ಅಂದ್ರೆ ನಾನು ಮಾವನ್ನೇ ತೋರಿಸೋದು.)

ತಮ್ಮ
ಮಾವ, ತೋಟದಾಗೆ ಟವರ್ ಎಷ್ಟು ಕಡ್ಡಿ ತೋರಿಸ್ತದೆ?

ಚನ್ನಗಿರಿ ಮಾವ
ಒಂದು ಬರ್ತದೆ ಹೋಗ್ತದೆ

ತಮ್ಮ
ಅದೇ ನೋಡಿ ರೋಗ. ಸಿಗ್ನಲ್ ಹುಡುಕೋದ್ರಾಗೇ ಫೋನ್ ಸುಸ್ತಾಗುತ್ತೆ. 5ಜಿ ಸರಿ ಸಿಗದ ಕಡೆ ಸೆಟ್ಟಿಂಗ್ಸಲ್ಲಿ 4ಜಿಗೆ ಇಳಿಸಿ. ಎರಡನೇ ಸಿಮ್ ಬಳಸ್ತಿಲ್ಲ ಅಂದ್ರೆ ಆಫ್ ಮಾಡಿ. ಏನೂ ಸಿಗದ ಮೂಲೆಗೆ ಹೋದಾಗ ಏರೋಪ್ಲೇನ್ ಮೋಡ್. ಕಾಸು ಖರ್ಚಿಲ್ಲ, ಹೊಸ ಬ್ಯಾಟರಿ ಬೇಡ.

ಅಮ್ಮ, 9:40
ನನ್ನದು ಬ್ಯಾಟರಿ ಸರಿ ಐತೆ. ಜಾಗ ಇಲ್ಲ ಅಂತ ದಿನಾ ಬಡ್ಕೊಳ್ತದೆ. ಮೊಮ್ಮಗನ ವಿಡಿಯೋ ತೆಗೆಯೋಕೂ ಬಿಡವಲ್ದು.

ಅಕ್ಕ
ವಾಟ್ಸಾಪ್ ಸೆಟ್ಟಿಂಗ್ಸಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’ ಒತ್ತಮ್ಮ. ಆಟೋ ಡೌನ್‌ಲೋಡ್ ಎಲ್ಲಾ ಆಫ್ ಮಾಡು. ‘ಮ್ಯಾನೇಜ್ ಸ್ಟೋರೇಜ್’ ಒಳಗೆ ಹಲವು ಸಲ ಫಾರ್ವರ್ಡ್ ಆದವೇ ಬೇರೆ ಗುಡ್ಡೆ ಬಿದ್ದಿರುತ್ತೆ. ಅದನ್ನ ಪೂರ್ತಿ ಅಳಿಸು.

ಅಮ್ಮ
3 ಜಿಬಿ ಐತೆ. ಎಲ್ಲಾ ಗುಲಾಬಿ ಹೂವು, ಶುಭೋದಯ.

ಇಲ್ಲಿ ಏಳು ನಿಮಿಷ ಯಾರೂ ಮಾತಾಡಲಿಲ್ಲ. ಶುಭೋದಯ ಯಾರು ಕಳಿಸ್ತಾರೆ ಅಂತ ಎಲ್ಲರಿಗೂ ಗೊತ್ತು.

ದೊಡ್ಡಪ್ಪ, 9:51
ತಿಳಿಯಿತು. ನನ್ನ ಶುಭೋದಯ ನಿಮಗೆ ಭಾರವಾಗಿದೆ. ಇನ್ನು ಮೇಲೆ ಕಳಿಸುವುದಿಲ್ಲ.

ಅಮ್ಮ
ಭಾವ, ನಾನು ಹಂಗಂದ್ನಾ?

ತಮ್ಮ
ದೊಡ್ಡಪ್ಪಾ, ಒಂದು ಮಾತು. ನಿಮ್ಮ ಮೆಸೇಜ್ ಮೇಲೆ ಜೋಡಿ ಬಾಣ ಐತೆ ನೋಡಿ. ಸಿಕ್ಕಾಪಟ್ಟೆ ಸುತ್ತಿದ ಮಾಲು ಅಂತ ಅರ್ಥ. ಅಂಥದ್ದನ್ನ ಒಂದ್ಸಲಕ್ಕೆ ಒಬ್ಬರಿಗೆ ಮಾತ್ರ ಕಳಿಸೋಕೆ ಬರೋದು, 2020ರಿಂದ. ಹತ್ತು ಜನಕ್ಕೆ ಕಳಿಸಿ ಅಂದ್ರೆ ಹೆಂಗೆ?

ದೊಡ್ಡಪ್ಪ
ಒಬ್ಬೊಬ್ಬರಿಗೇ ಕಳಿಸಿದ್ದೇನೆ. ಐದಕ್ಕೆ ಎದ್ದು.

(ಈ ಉತ್ತರ ಓದಿ ನನಗೆ ನಗು ಬರಲಿಲ್ಲ, ನಿಜ ಹೇಳ್ತೀನಿ.)

ನಾನು
ದೊಡ್ಡಪ್ಪ, ಏಳನೇದು ಮುಕ್ಕಾಲು ಸರಿ ಇದೆ. 112 ಪೊಲೀಸ್, ಫೈರ್, ಆಂಬುಲೆನ್ಸ್ ಮೂರಕ್ಕೂ ಒಂದೇ ನಂಬರ್. ನಮ್ಮ ಸಿಮ್‌ನ ಟವರ್ ಇಲ್ಲದಿದ್ರೂ ಬೇರೆ ಕಂಪನಿ ಟವರ್ ಇದ್ರೆ ಅದರ ಮೇಲೆ ಹೋಗುತ್ತೆ. ಯಾವ ಟವರೂ ಇಲ್ಲದಿದ್ರೆ ಮಾತ್ರ ಹತ್ತಲ್ಲ. ನಿಮ್ಮ ಫೋನಲ್ಲಿ ಪವರ್ ಬಟನ್ ಐದು ಸಲ ಒತ್ತಿದ್ರೆ ತುರ್ತು ಕರೆ ಹೋಗೋ ಹಾಗೆ ಇಡಬಹುದು. ಲಾಕ್ ತೆಗೀದೇನೇ ನಿಮ್ಮ ಶುಗರ್ ಮಾತ್ರೆ, ರಕ್ತದ ಗುಂಪು ಕಾಣೋ ಹಾಗೂ ಬರೆದಿಡಬಹುದು. ಸಂಜೆ ನಿಟ್ಟುವಳ್ಳಿಗೆ ಬಂದು ಮಾಡಿಕೊಡ್ತೀನಿ.

ದೊಡ್ಡಪ್ಪ
ಬಾ. ಆದರೆ ಒಂದನೆಯದರ ಬಗ್ಗೆ ಯಾರೂ ಚಕಾರ ಎತ್ತಿಲ್ಲ. ಅದು ಸರಿ ಇದೆ ಎಂದು ತಾನೇ?

ತಮ್ಮ
ಅದೂ ಸುಳ್ಳೇ. ಕದ್ದು ಕೇಳೋದು *#21#ನಲ್ಲಿ ಗೊತ್ತಾಗಲ್ಲ. ನಿಮಗೆ ಬರೋ ಕಾಲ್ ಬೇರೆ ನಂಬರಿಗೆ ತಿರುಗಿಸಿದ್ದಾರಾ ಅಷ್ಟೇ ತೋರಿಸೋದು. ಯಾರೂ ಒತ್ತಬೇಡ್ರಿ, ಸುಮ್ಮನೆ ಗಾಬರಿ.

ಅಮ್ಮ
ಕಾಲ್ ಅಂದಾಗ ನೆನಪಾಯ್ತು. ದುರ್ಗದೋಳು ನಿನ್ನೆ ರಾತ್ರಿಯಿಂದ ನನ್ನ ಫೋನ್ ಎತ್ತವಲ್ಲಳು. ಸೀರೆ ವಿಷಯಕ್ಕೆ ಸಿಟ್ಟಾಗಿದ್ರೆ ಬಾಯಿ ಬಿಟ್ಟು ಹೇಳಲಿ.

ದುರ್ಗದ ಅತ್ತೆ, 10:18
ಅತ್ತಿಗೆ ನಂಗ್ಯಾಕೆ ಸಿಟ್ಟು? ನಿನ್ನೆ ಸಂಜೆಯಿಂದ ಒಂದು ಫೋನೂ ಬಂದಿಲ್ಲ. ಆರಾಮಾಗಿ ಮಲಗಿದ್ದೆ.

ಅಮ್ಮ
ನಾಲ್ಕು ಸಲ ಮಾಡೀನಿ! ರಿಂಗ್ ಆಯ್ತು. ಒಂದ್ಸಲ ಯಾರೋ ಎತ್ತಿ ಇಟ್ಟರು.

ದುರ್ಗದ ಅತ್ತೆ
ಅಣ್ಣ ಹೇಳಿದಂಗೆ ಒತ್ತಿದೆ. ಇಂಗ್ಲಿಷ್‌ನಾಗೆ ಏನೋ ಬಂತು, ಕೆಳಗೆ ಒಂದು ನಂಬರ್ ಐತೆ. ನನ್ನದಲ್ಲ, ಮನೆಯೋರದ್ದೂ ಅಲ್ಲ.

ತಮ್ಮ
ಅತ್ತೆ ಫೋಟೋ ಹಾಕಿ

ತಮ್ಮ
ಅತ್ತೆ ನಿನ್ನೆ ಯಾರಾದ್ರೂ ಫೋನ್ ಮಾಡಿದ್ರಾ? ಏನಾದ್ರೂ ಒತ್ತಿ ಅಂದ್ರಾ?

ದುರ್ಗದ ಅತ್ತೆ
ಪಾರ್ಸಲ್‌ನೋನು ಅಂದ. ಕೋಟೆ ಹತ್ರ ನಿಂತೀನಿ, ಮನೆ ಸಿಗವಲ್ದು, ಡ್ರೈವರ್ ನಂಬರ್ ಕಳಿಸೀನಿ ಹಂಗೇ ಡಯಲ್ ಮಾಡ್ರಿ ಅಂದ. ಎರಡು ನಕ್ಷತ್ರ, 21, ಆಮೇಲೆ ನಂಬರು. ಮಾಡ್ದೆ. ಪಾರ್ಸಲ್ ಬರ್ಲೇ ಇಲ್ಲ.

ತಮ್ಮ
ಅತ್ತೆ ##002# ಒತ್ತಿ. ಈಗ್ಲೇ. ಹ್ಯಾಶ್ ಹ್ಯಾಶ್ ಸೊನ್ನೆ ಸೊನ್ನೆ ಎರಡು ಹ್ಯಾಶ್. ಕಾಲ್ ತಿರುಗಿಸಿದ್ದೆಲ್ಲ ರದ್ದಾಗುತ್ತೆ.

ಅಕ್ಕ
ಯಾರೂ ಮಧ್ಯ ಮಾತಾಡಬೇಡಿ. ಅತ್ತೆ, ಬ್ಯಾಂಕಿನ ಮೆಸೇಜ್ ಏನಾದ್ರೂ ಬಂದಿದ್ಯಾ? ವಾಟ್ಸಾಪ್ ಕೋಡು?

ದುರ್ಗದ ಅತ್ತೆ, 10:29
ಎಲ್ಲಾ ತೆಗೆದೈತೆ ಅಂತ ಬಂತು. ದುಡ್ಡು ಹೋಗಿಲ್ಲ, ನೋಡ್ದೆ. ವಾಟ್ಸಾಪ್‌ದು ಆರಂಕಿ ಕೋಡ್ ಬೆಳಿಗ್ಗೆ ಬಂದೈತೆ. ನಾನು ಕೇಳಿರಲಿಲ್ಲ.

ಅಕ್ಕ
ಅವರು ಶುರು ಮಾಡಿದ್ದಾರೆ. ಕೋಡ್ ಮೆಸೇಜಲ್ಲಿ ಬೇಡ, ಕಾಲ್ ಮಾಡಿ ಹೇಳು ಅಂತ ವಾಟ್ಸಾಪ್‌ಗೆ ಕೇಳೋಕೆ ಬರುತ್ತೆ. ನಿಮ್ಮ ಕಾಲೆಲ್ಲ ಅವನಿಗೆ ಹೋಗ್ತಿತ್ತಲ್ಲ. ಆಮೇಲೆ ನಿಮ್ಮ ಹೆಸರಲ್ಲಿ ನಮ್ಮೆಲ್ಲರ ಹತ್ರ ಆಸ್ಪತ್ರೆಗೆ ದುಡ್ಡು ಕೇಳ್ತಿದ್ದ. ಈಗ ವಾಟ್ಸಾಪ್ ಸೆಟ್ಟಿಂಗ್ಸಲ್ಲಿ ಅಕೌಂಟ್, ಅದರಲ್ಲಿ ‘ಟೂ ಸ್ಟೆಪ್ ವೆರಿಫಿಕೇಶನ್’. ಆರಂಕಿ ಪಿನ್ ಹಾಕಿ, ಹುಟ್ಟಿದ ತಾರೀಕು ಬೇಡ. ‘ಲಿಂಕ್ಡ್ ಡಿವೈಸಸ್’ನಲ್ಲಿ ಗೊತ್ತಿಲ್ಲದ್ದು ಇದ್ರೆ ಲಾಗ್ ಔಟ್ ಮಾಡಿ. ಬ್ಯಾಂಕಿಗೂ ಒಂದು ಮಾತು ಹೇಳಿ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಆ ನಂಬರ್ ಕೊಡಿ, ದುಡ್ಡು ಹೋಗದಿದ್ರೂ.

ತಮ್ಮ
ಈ ಕಾಟಕ್ಕೇ 2024ರ ಏಪ್ರಿಲ್ 15ರಿಂದ ಕಾಲ್ ತಿರುಗಿಸೋ *401# ಕೋಡ್ ನಿಲ್ಲಿಸೋಕೆ ಟೆಲಿಕಾಂ ಇಲಾಖೆ ಹೇಳಿತ್ತು. ಕಳ್ಳರು 21 ಹಿಡ್ಕೊಂಡ್ರು.
ಉಳಿದೋರೂ ಒಂದ್ಸಲ *#21# ಒತ್ತಿ ನೋಡ್ಕೊಳ್ರಿ. ಕೋಡ್ ಕೆಲಸ ಮಾಡದಿದ್ರೆ ಫೋನ್ ಆ್ಯಪ್‌ನ ಸೆಟ್ಟಿಂಗ್ಸಲ್ಲಿ ‘ಕಾಲ್ ಫಾರ್ವರ್ಡಿಂಗ್’ ಐತೆ. ‘ಆಲ್ವೇಸ್’ ಅನ್ನೋದರ ಮುಂದೆ ನಂಬರ್ ಇದ್ರೆ ಮಾತ್ರ ಗಾಬರಿ ಆಗ್ರಿ. ಫೋನ್ ಆಫ್ ಇದ್ದಾಗ ಹೋಗೋ ನಂಬರ್ ಸಾಮಾನ್ಯವಾಗಿ ಕಂಪನಿದೇ ಮಿಸ್ಡ್ ಕಾಲ್ ತಿಳಿಸೋದು.

ದೊಡ್ಡಪ್ಪ, 10:41
ಅರ್ಧ ಗಂಟೆಯ ಹಿಂದೆ ‘ಯಾರೂ ಒತ್ತಬೇಡ್ರಿ’ ಎಂದವನು ಯಾರು?

ತಮ್ಮ
ನಾನೇ.

ದೊಡ್ಡಪ್ಪ
ದಾಖಲಾಗಲಿ.

ತಮ್ಮ
ಆದ್ರೂ ದೊಡ್ಡಪ್ಪಾ, ಕದ್ದು ಕೇಳೋದು ಅಂತ ಬರೆದಿದ್ದು ತಪ್ಪೇ.

ದೊಡ್ಡಪ್ಪ
ನನ್ನ ತಂಗಿಗೆ ಬಂದ ಕರೆಯನ್ನು ಬೇರೆಯವನು ಎತ್ತಿ ಕೇಳುತ್ತಿದ್ದ. ಕನ್ನಡದಲ್ಲಿ ಅದಕ್ಕೆ ಬೇರೆ ಪದ ಇದ್ದರೆ ಕಲಿಸು.

ಇದಕ್ಕೆ ತಮ್ಮನ ಹತ್ರ ಉತ್ತರ ಇರಲಿಲ್ಲ, ನನ್ನ ಹತ್ರಾನೂ ಇಲ್ಲ. ಸಂಜೆ ಪವರ್ ಬಟನ್ ಸೆಟ್ಟಿಂಗ್ ಮಾಡಿಕೊಡೋಕೆ ಹೋದಾಗಲೂ ದೊಡ್ಡಪ್ಪ ಇದನ್ನೇ ಮೂರು ಸಲ ಕೇಳಿದ್ರು.

ದುರ್ಗದ ಅತ್ತೆ, 10:52
ಅಣ್ಣ, ಶುಭೋದಯ ನಿಲ್ಲಿಸಬೇಡ. ನಂದು ಜಾಗ ಬೇಕಾದಷ್ಟು ಐತೆ.

ಅಮ್ಮ
ನನಗೂ ಕಳಿಸ್ರಿ ಭಾವ. ಹೂವಿಂದು ಬೇಡ, ಬರೆದು ಕಳಿಸ್ರಿ. ಅದು ತೂಕ ಇರಲ್ಲಂತೆ.

ಚನ್ನಗಿರಿ ಮಾವ, 11:05
4ಜಿ ಮಾಡಿದೆ ಈಗ ಅರವತ್ತೆಂಟು ಐತೆ ನೋಡೋಣ ಸಂಜೆ ಹೇಳ್ತೀನಿ ಅಡಿಗೆಗೆ ನೀರು ಬಿಟ್ಟಾಯ್ತು

ಚಿಕ್ಕಮ್ಮ, 11:20
ಫೋನ್ ಅಕ್ಕಿಯಿಂದ ತೆಗೆದು ಫ್ಯಾನ್ ಕೆಳಗೆ ಇಟ್ಟೀನಿ. ಆ ಅಕ್ಕಿ ಅನ್ನಕ್ಕೆ ಹಾಕಬಹುದಾ?

ದೊಡ್ಡಪ್ಪ
ತೊಳೆದು ಹಾಕಮ್ಮ.