ಧೂಳುಮಾರುತ ಹೋಯಿತು, ಧೂಳು ಮನೆಯಲ್ಲೇ ಉಳಿಯಿತು: ಕಂಡವರು ಹೇಳಿದ್ದು

ಕೇಳಿದವರು
ನಿನ್ನೆ ಸಂಜೆ ನಮ್ಮಲ್ಲಿ ಭಾರೀ ಧೂಳುಮಾರುತ. ಇಂಥದ್ದನ್ನು ಹಿಂದೆ ನೋಡಿರಲಿಲ್ಲ. ಕಿಟಕಿ, ಬಾಗಿಲು ಎಲ್ಲ ಭದ್ರವಾಗಿಯೇ ಹಾಕಿದ್ದೆವು. ಆದರೂ ಬೆಳಿಗ್ಗೆ ಎದ್ದು ನೋಡಿದರೆ ಮೇಜು, ಹಾಸಿಗೆ, ಪಾತ್ರೆ, ಕಪಾಟಿನೊಳಗಿನ ಬಟ್ಟೆ, ಎಲ್ಲದರ ಮೇಲೂ ಹಿಟ್ಟಿನಂಥ ಕೆಂಪು ಧೂಳು. ಬಾಯೆಲ್ಲ ಮಣ್ಣು ಮಣ್ಣು. ಅತ್ತೆಗೆ ಉಬ್ಬಸ ಇದೆ, ಅಂಬೆಗಾಲಿಡುವ ಮಗು ಬೇರೆ. ಈ ವಾರ ಇನ್ನೊಂದು ಬರಬಹುದು ಅನ್ನುತ್ತಿದ್ದಾರೆ ಹವಾಮಾನದವರು. ಎಲ್ಲಿಂದ ಶುರು ಮಾಡಲಿ? ಮುಂದಿನದಕ್ಕೆ ಏನು ತಯಾರಿ ಬೇಕು? ಅನುಭವ ಇರುವವರು ಹೇಳಿ.

ಮೊದಲು ಉತ್ತರಿಸಿದವರು
ಪೊರಕೆ ಕೆಳಗಿಡಿ. ಫ್ಯಾನ್ ಹಾಕಬೇಡಿ. ಒಂದೇ ಒಂದು ಕೋಣೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹಾಸಿಗೆಯ ಹೊದಿಕೆ ಬದಲಾಯಿಸಿ, ಅತ್ತೆಯವರನ್ನೂ ಮಗುವನ್ನೂ ಅಲ್ಲಿ ಕೂರಿಸಿ ಬಾಗಿಲು ಹಾಕಿ. ಉಳಿದ ಮನೆ ನಾಳೆಗಾದರೂ ಆಗುತ್ತದೆ.

ಮರಳುಗಾಡಿನ ಅಂಚಿನಲ್ಲಿ ಬಹುಕಾಲ ಸಂಸಾರ ಮಾಡಿದವರು
ಅವರು ಹೇಳಿದ್ದು ಸರಿ, ಅಕ್ಕ. ಒಣ ಪೊರಕೆ ಆಡಿಸಿದರೆ ನೆಲಕ್ಕೆ ಕೂತದ್ದು ಎದ್ದು ಮೂಗಿನ ಮಟ್ಟಕ್ಕೆ ಬರುತ್ತದೆ, ಸಂಜೆಗೆ ಮತ್ತೆ ಅದೇ ಮೇಜಿನ ಮೇಲೆ ಕೂರುತ್ತದೆ. ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಕೂಡ ಹಾಗೇ: ದಪ್ಪ ಮಣ್ಣನ್ನು ಎಳೆದುಕೊಂಡು ನುಣ್ಣನೆಯದನ್ನು ಹಿಂದಿನಿಂದ ಉಗುಳುತ್ತದೆ. ಹೆಪಾ ಫಿಲ್ಟರ್ (ತೀರ ನುಣ್ಣನೆಯ ಧೂಳನ್ನೂ ಹಿಡಿದಿಡುವ ಜಾಳಿಗೆ) ಇರುವುದಾದರೆ ಬಳಸಿ, ಇಲ್ಲದಿದ್ದರೆ ಮೂಲೆಯಲ್ಲಿರಲಿ.

ಕೆಲಸ ಮೇಲಿನಿಂದ ಕೆಳಕ್ಕೆ ಬರಲಿ. ಮೊದಲು ಸೀಲಿಂಗ್ ಫ್ಯಾನ್. ಅದರ ರೆಕ್ಕೆಯ ಮೇಲ್ಮೈ ಕೆಳಗಿನಿಂದ ಕಾಣುವುದಿಲ್ಲ, ಇಡೀ ಮನೆಯಲ್ಲಿ ಹೆಚ್ಚು ಧೂಳು ಕೂತಿರುವುದು ಅಲ್ಲಿಯೇ. ಹಳೇ ದಿಂಬಿನ ಕವರನ್ನು ರೆಕ್ಕೆಗೆ ತೊಡಿಸಿ, ಎರಡೂ ಕಡೆಯಿಂದ ಒತ್ತಿ ಹಿಡಿದು ನಿಧಾನಕ್ಕೆ ತುದಿಯತ್ತ ಎಳೆಯಿರಿ. ಧೂಳು ಕವರಿನೊಳಗೇ ಬೀಳುತ್ತದೆ, ನಿಮ್ಮ ತಲೆಯ ಮೇಲಲ್ಲ. ಹಾಸಿಗೆಯ ಮೇಲಿನ ಚಾದರವನ್ನು ಕೊಡವಬೇಡಿ. ನಾಲ್ಕು ಮೂಲೆ ಒಳಕ್ಕೆ ಮಡಚಿ ಗಂಟು ಕಟ್ಟಿದ ಹಾಗೆ ಎತ್ತಿ. ಪರದೆಯನ್ನೂ ಒಳಮುಖವಾಗಿ ಸುತ್ತಿಕೊಂಡೇ ಇಳಿಸಿ. ಬಟ್ಟೆಯನ್ನು ಮೆಷಿನ್ನಿಗೆ ಹಾಕುವ ಮುಂಚೆ ಬಕೆಟ್ಟಿನಲ್ಲಿ ಬರೀ ನೀರಿಗೆ ಅದ್ದಿ ತೆಗೆಯಿರಿ. ನೀರಿನ ಬಣ್ಣ ನೋಡಿದರೆ ಮೆಷಿನ್ನಿಗೆ ನೇರ ಹಾಕಿದ್ದರೆ ಏನಾಗುತ್ತಿತ್ತು ಅಂತ ನಿಮಗೇ ಗೊತ್ತಾಗುತ್ತದೆ.

ನೆಲಕ್ಕೆ ಬಂದಾಗ ನೀರು ಸುರಿಯಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ನುಣುಪು ಧೂಳಿಗೆ ನೀರು ಹೆಚ್ಚಾದರೆ ಜೇಡಿಯಾಗಿ ಟೈಲ್ಸಿನ ಸಂದಿಗೆ ಇಳಿಯುತ್ತದೆ, ಬಚ್ಚಲ ಪೈಪಿನಲ್ಲಿ ಹೋಗಿ ಗಟ್ಟಿಯಾಗುತ್ತದೆ. ಬಟ್ಟೆಯನ್ನು ಚೆನ್ನಾಗಿ ಹಿಂಡಿ, ಒಂದೇ ದಿಕ್ಕಿಗೆ ಎಳೆದು ಒರೆಸಿ, ಮಡಿಕೆ ತಿರುಗಿಸಿ, ಬಕೆಟ್ಟಿನಲ್ಲಿ ಅದ್ದಿ. ಬಕೆಟ್ಟನ್ನು ಸ್ವಲ್ಪ ಹೊತ್ತು ಅಲುಗಿಸದೆ ಬಿಟ್ಟರೆ ಮಣ್ಣು ತಳಕ್ಕೆ ಕೂರುತ್ತದೆ. ಮೇಲಿನ ನೀರು ಬಚ್ಚಲಿಗೆ, ತಳದ ಕೆಸರು ಗಿಡದ ಬುಡಕ್ಕೆ. ಸೋಪಿನ ನೀರಾದರೆ ಗಿಡಕ್ಕೆ ಬೇಡ. ಮಗು ಆಡುವ ಜಾಗವನ್ನು ಎರಡನೇ ಸಲ ಹೊಸ ನೀರಿನಲ್ಲಿ ಒರೆಸಿ, ಆಟದ ಸಾಮಾನು ತೊಳೆಯಿರಿ. ಅಂಬೆಗಾಲಿಡುವ ಮಗುವಿನ ಕೈ ಬಾಯಿಗೇ ಹೋಗುವುದು.

ಮರುದಿನ ಮತ್ತೆ ತೆಳು ಪದರ ಕಾಣಿಸುತ್ತದೆ. ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ, ಗಾಳಿಯಲ್ಲಿ ತೇಲುತ್ತಿದ್ದದ್ದು ಇಳಿದಿರುತ್ತದೆ ಅಷ್ಟೆ.

ಉಬ್ಬಸ ಇರುವವರು
ನಾನು ಚಿಕ್ಕಂದಿನಿಂದ ಇನ್ಹೇಲರ್ ಇಟ್ಟುಕೊಂಡವನು, ಹಾಗಾಗಿ ಅತ್ತೆಯವರ ಬಗ್ಗೆ ಮಾತ್ರ ಹೇಳುತ್ತೇನೆ. ಅವರು ಶುಚಿ ಮಾಡುವ ಕೆಲಸಕ್ಕೆ ಕೈ ಹಾಕಲೇ ಕೂಡದು. "ಸುಮ್ಮನೆ ಕೂತು ಏನು ಮಾಡಲಿ" ಅಂತ ಎದ್ದು ಬರುತ್ತಾರೆ, ಬಿಡಬೇಡಿ. ತಕ್ಷಣ ಉಸಿರು ಸರಾಗ ಮಾಡುವ ಇನ್ಹೇಲರ್ ಅವರ ಕೈಗೆ ಎಟುಕುವಂತಿರಲಿ, ಅದರಲ್ಲಿ ಔಷಧಿ ಎಷ್ಟು ಉಳಿದಿದೆ ಅಂತ ಇವತ್ತೇ ನೋಡಿ. ದಿನಾ ತೆಗೆದುಕೊಳ್ಳುವ ಇನ್ಹೇಲರ್ ಬೇರೆ ಇದ್ದರೆ ಅದನ್ನು ತಪ್ಪಿಸುವ ವಾರ ಇದಲ್ಲ. ತೊಂದರೆ ಮಾರುತದ ಹೊತ್ತಿಗೇ ಬರಬೇಕೆಂದಿಲ್ಲ, ಒಂದೆರಡು ದಿನ ಬಿಟ್ಟೂ ಎದೆ ಬಿಗಿಯಬಹುದು. ಒಂದು ವಾಕ್ಯ ಪೂರ್ತಿ ಹೇಳಲು ಉಸಿರು ಸಾಲದಿದ್ದರೆ, ಇನ್ಹೇಲರ್ ಎಳೆದ ಮೇಲೂ ಹಿಡಿತ ಬಿಡದಿದ್ದರೆ, ತುಟಿ ನೀಲಿಗಟ್ಟಿದರೆ ಮನೆಮದ್ದು ನೋಡುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಮಾಸ್ಕ್ ಬಗ್ಗೆ: ಒದ್ದೆ ಕರವಸ್ತ್ರ ದಪ್ಪ ಧೂಳನ್ನು ತಡೆಯುತ್ತದೆ, ಅಷ್ಟೇ. ಶ್ವಾಸಕೋಶದ ಆಳಕ್ಕೆ ಹೋಗುವುದು 2.5 ಮೈಕ್ರಾನಿಗಿಂತ ಸಣ್ಣ ಕಣ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅದಕ್ಕೆ ಎನ್‌95 ಬೇಕು, ಅದೂ ಮುಖಕ್ಕೆ ಒತ್ತಿ ಕೂತಿದ್ದರೆ ಮಾತ್ರ. ಎರಡು ವರ್ಷದೊಳಗಿನ ಮಗುವಿಗೆ ಯಾವ ಮಾಸ್ಕೂ ಬೇಡ, ಶುಚಿಯಾದ ಕೋಣೆಯೇ ಅದಕ್ಕೆ ರಕ್ಷಣೆ.

ಕೇಳಿದವರು
ಕೋಣೆ ಒರೆಸಿ ಇಬ್ಬರನ್ನೂ ಒಳಗೆ ಕೂರಿಸಿದೆ. ಆದರೆ ಒಂದು ಅರ್ಥವಾಗುತ್ತಿಲ್ಲ: ಎಲ್ಲ ಮುಚ್ಚಿದ್ದರೂ ಇಷ್ಟೊಂದು ಒಳಗೆ ಬಂದದ್ದು ಹೇಗೆ? ಕಿಟಕಿ ತೆರೆದು ಗಾಳಿ ಆಡಲು ಬಿಡಲೇ?

ಕಟ್ಟಡದ ಎಂಜಿನಿಯರ್
ಗಾಳಿ ಬೀಸುವ ಕಡೆಯ ಗೋಡೆಯ ಮೇಲೆ ಒತ್ತಡ ಹೆಚ್ಚು, ಹಿಂಬದಿಯ ಗೋಡೆಯಲ್ಲಿ ಕಡಿಮೆ. ಹೀಗಾಗಿ ಮನೆಯೊಳಗಿನ ಗಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯಲು ದಾರಿ ಹುಡುಕುತ್ತದೆ, ಕಾಗದದಷ್ಟು ಸಂದಿದ್ದರೂ ಸಾಕು. ಬಹಳ ಮನೆಗಳಲ್ಲಿ ದೊಡ್ಡ ದಾರಿ ಕಿಟಕಿಯಲ್ಲ: ಅಡುಗೆಮನೆ, ಬಚ್ಚಲುಮನೆಗಳ ಎಕ್ಸಾಸ್ಟ್ ಫ್ಯಾನಿನ ತೂತು, ಚಿಮಣಿ ಪೈಪು, ಏಸಿ ಪೈಪ್ ಗೋಡೆ ದಾಟುವ ಜಾಗ, ಬಾಗಿಲಿನ ಕೆಳಗಿನ ಸಂದು. ಒಂದು ಊದುಬತ್ತಿ ಹಚ್ಚಿ, ಗಾಳಿ ಇರುವ ದಿನ ಇವುಗಳ ಮುಂದೆ ಹಿಡಿಯಿರಿ. ಹೊಗೆ ಎಲ್ಲಿ ಬಾಗುತ್ತದೋ ಅಲ್ಲಿ ಧೂಳು ನುಗ್ಗುತ್ತದೆ. ಅತ್ತೆಯವರು ಆ ಹೊತ್ತಿಗೆ ಬೇರೆ ಕೋಣೆಯಲ್ಲಿರಲಿ.

ಕಿಟಕಿ ತೆರೆಯುವ ಮಾತಿಗೆ ಸ್ವಲ್ಪ ಲೆಕ್ಕ. ಗಾಳಿ ಅಲುಗದ ಕೋಣೆಯಲ್ಲಿ ಹತ್ತಡಿ ಎತ್ತರದಿಂದ ನೆಲಕ್ಕೆ ಇಳಿಯಲು 10 ಮೈಕ್ರಾನಿನ ಮಣ್ಣಿನ ಕಣಕ್ಕೆ ಸುಮಾರು ಆರು ನಿಮಿಷ ಸಾಕು. 2.5 ಮೈಕ್ರಾನಿನದಕ್ಕೆ ಒಂದೂವರೆ ಗಂಟೆಗೂ ಹೆಚ್ಚು ಬೇಕು. 1 ಮೈಕ್ರಾನಿನದಕ್ಕೆ ಒಂಬತ್ತು ಗಂಟೆಯ ಆಸುಪಾಸು. ಹೊರಗಿನದೂ ಇದೇ ಕಥೆ, ಅಲ್ಲಿ ಗಾಳಿ ಬೇರೆ ಕೆದಕುತ್ತಿರುತ್ತದೆ. ಆಕಾಶ ತಿಳಿಯಾಗಿ ಕಂಡರೂ ಸಣ್ಣ ಕಣ ಇಳಿದಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 10ಕ್ಕೆ, ಅಂದರೆ ಗಾಳಿಯಲ್ಲಿರುವ 10 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳಿಗೆ, ಹಾಕಿದ ಮಿತಿ ದಿನದ ಸರಾಸರಿ ಘನ ಮೀಟರಿಗೆ 45 ಮೈಕ್ರೊಗ್ರಾಂ. ಭಾರೀ ಮಾರುತದ ಹೊತ್ತಿನಲ್ಲಿ ಅದು ಸಾವಿರಗಳಲ್ಲಿ ಇರುತ್ತದೆ. ಹತ್ತಿರದ ಅಳತೆ ಕೇಂದ್ರದ ಅಂಕಿ ಫೋನಿನಲ್ಲಿ ಸಿಗುವುದಾದರೆ ಅದು ಇಳಿಯುವವರೆಗೆ ತೆರೆಯಬೇಡಿ.

ಇನ್ನೊಬ್ಬರು
ಸರ್, ಲೆಕ್ಕ ಸರಿ, ಆದರೆ ಬಿಸಿಲುಗಾಲದಲ್ಲಿ ಕರೆಂಟೂ ಇಲ್ಲದ ಮುಚ್ಚಿದ ಮನೆಯಲ್ಲಿ ವಯಸ್ಸಾದವರನ್ನು ದಿನವಿಡೀ ಕೂರಿಸುವುದೂ ಅಪಾಯವೇ. ಸೆಕೆ ತಡೆಯಲಾಗದೆ ತಲೆ ಸುತ್ತಿ ಬಿದ್ದವರನ್ನು ನೋಡಿದ್ದೇನೆ. ಗಾಳಿ ನಿಂತ ಮೇಲೆ, ಗಾಳಿ ಬಂದ ದಿಕ್ಕಿಗೆ ಬೆನ್ನಾದ ಕಡೆಯ ಒಂದು ಕಿಟಕಿಗೆ ಒದ್ದೆ ಚಾದರ ಕಟ್ಟಿ ತೆರೆಯಿರಿ. 1930ರ ದಶಕದಲ್ಲಿ ಅಮೆರಿಕದ ಬಯಲು ಸೀಮೆಯಲ್ಲಿ ವರ್ಷಗಟ್ಟಲೆ ಧೂಳುಮಾರುತ ಎದ್ದಾಗ ಜನ ಮಾಡಿದ್ದೂ ಇದನ್ನೇ. ಉಣ್ಣುವ ಕ್ಷಣದವರೆಗೂ ತಟ್ಟೆ, ಲೋಟಗಳನ್ನು ಮೇಜಿನ ಮೇಲೆ ಬೋರಲು ಹಾಕಿಡುತ್ತಿದ್ದರಂತೆ.

ಕಟ್ಟಡದ ಎಂಜಿನಿಯರ್
ಒಪ್ಪಿದೆ. ಸೆಕೆ ಮಿತಿ ಮೀರಿದರೆ ಸೆಕೆಯದೇ ಮೊದಲ ಚಿಂತೆ.

ಏಸಿ ರಿಪೇರಿ ಮಾಡುವವರು
ಫ್ಯಾನ್, ಏಸಿ ಎಲ್ಲ ಒಂದೇ ಅಂತ ತಿಳಿಯಬೇಡಿ. ಸ್ಪ್ಲಿಟ್ ಏಸಿ ಕೋಣೆಯ ಗಾಳಿಯನ್ನೇ ತಿರುಗಿಸುತ್ತದೆ. ಒಳಗಿನ ಜಾಳಿಗೆ ತೆಗೆದು ತೊಳೆದು ಒಣಗಿಸಿ ಹಾಕಿದರೆ ಓಡಿಸಬಹುದು. ವಿಂಡೋ ಏಸಿಯಾದರೆ ಹೊರಗಾಳಿ ಒಳಬಿಡುವ ಸಣ್ಣ ಮುಚ್ಚಳ ಇರುತ್ತದೆ, ಅದು ಮುಚ್ಚಿರಲಿ. ಏರ್ ಕೂಲರ್ ಮಾತ್ರ ಬೇಡವೇ ಬೇಡ. ಅದು ಕೆಲಸ ಮಾಡುವುದೇ ಹೊರಗಾಳಿ ಎಳೆದು, ಜೊತೆಗೆ ಧೂಳನ್ನೂ ಕರೆತರುತ್ತದೆ, ಅದರ ಒದ್ದೆ ಹುಲ್ಲಿನ ಪ್ಯಾಡೆಲ್ಲ ಕೆಸರು.

ಹೊರಗಿನ ಯೂನಿಟ್ಟಿನ ಜಾಲರಿ ತುಂಬ ಮಣ್ಣು ಮೆತ್ತಿದ್ದರೆ ಕಂಪ್ರೆಸರಿನ ಮೇಲೆ ಭಾರ ಬೀಳುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ, ಮೊದಲು ಮೃದು ಬ್ರಷ್, ಆಮೇಲೆ ಸಣ್ಣ ಧಾರೆಯ ನೀರು. ಕಾರು ತೊಳೆಯುವ ಪ್ರೆಶರ್ ಪೈಪ್ ಹಿಡಿದರೆ ತೆಳುವಾದ ಅಲ್ಯೂಮಿನಿಯಂ ಪಟ್ಟಿಗಳು ಮಡಚಿಕೊಂಡು ಗಾಳಿಯೇ ಹೋಗುವುದಿಲ್ಲ. ಫ್ರಿಜ್ ಹಿಂದಿನ ಸುರುಳಿಯನ್ನೂ ಒಮ್ಮೆ ನೋಡಿ, ಯಾರೂ ನೋಡುವುದಿಲ್ಲ.

ಲ್ಯಾಪ್‌ಟಾಪ್, ಟಿವಿ, ರೂಟರ್ ಹೊರಮೈ ಒರೆಸದೆ ಆನ್ ಮಾಡಬೇಡಿ. ಸ್ವಿಚ್‌ಬೋರ್ಡಿಗೆ ಒದ್ದೆ ಬಟ್ಟೆ ತಾಗಿಸಬೇಡಿ, ಒಣ ಬ್ರಷ್ ಸಾಕು. ಹೊಗೆ ಪತ್ತೆ ಮಾಡುವ ಅಲಾರಂ ಇದ್ದರೆ ಧೂಳಿಗೇ ಕೂಗಿಕೊಳ್ಳುತ್ತದೆ, ಗಾಬರಿ ಬೇಡ, ಶುಚಿ ಮಾಡಿ. ಮತ್ತೊಂದು: ಮಾರುತದ ಬೆನ್ನಿಗೇ ತುಂತುರು ಮಳೆ ಬಂದರೆ ಕರೆಂಟ್ ಹೋಗುವುದು ಸಾಮಾನ್ಯ. ಕಂಬದ ಪಿಂಗಾಣಿಯ ಮೇಲೆ ಕೂತ ಧೂಳು ಒದ್ದೆಯಾದರೆ ವಿದ್ಯುತ್ ಹರಿಯಲು ದಾರಿಯಾಗುತ್ತದೆ. ಜೋರು ಮಳೆಯಾದರೆ ತೊಳೆದುಕೊಂಡು ಹೋಗುತ್ತದೆ, ತುಂತುರೇ ಉಪದ್ರವ.

ಇನ್ನೊಬ್ಬರು
ಕಿಟಕಿ ಗಾಜು, ಕಾರಿನ ಗಾಜು ಒಣ ಬಟ್ಟೆಯಲ್ಲಿ ಉಜ್ಜಬೇಡಿ. ಮರಳಿನ ಕ್ವಾರ್ಟ್ಸ್ ಗಾಜಿಗಿಂತ ಗಟ್ಟಿ, ಗೀರು ಗ್ಯಾರಂಟಿ. ಮೊದಲು ನೀರು ಹಾಯಿಸಿ. ಕಣ್ಣಿಗೂ ಇದೇ ನಿಯಮ: ಉಜ್ಜದೆ ತೊಳೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಈ ವಾರ ಕನ್ನಡಕ ಹಾಕಿಕೊಳ್ಳಿ.

ಕೇಳಿದವರು
ತಾರಸಿಯ ಮೇಲೂ ರಾಶಿ ಬಿದ್ದಿದೆ. ನೀರಿನ ಟ್ಯಾಂಕ್, ಸೋಲಾರ್ ಪ್ಯಾನೆಲ್ ಎರಡೂ ಅಲ್ಲೇ ಇವೆ. ಮಳೆ ಬಂದರೆ ತಾನೇ ತೊಳೆದು ಹೋಗುತ್ತದೆ ಅನ್ನುತ್ತಾರೆ ಮನೆಯವರು.

ಮರಳುಗಾಡಿನ ಅಂಚಿನಲ್ಲಿ ಬಹುಕಾಲ ಸಂಸಾರ ಮಾಡಿದವರು
ತೊಳೆದು ಹೋಗುವುದು ಎಲ್ಲಿಗೆ ಅಂತ ಕೇಳಿ ಅವರನ್ನು! ನೇರ ಮಳೆನೀರಿನ ಪೈಪಿಗೆ. ಪೈಪ್ ಕಟ್ಟಿಕೊಂಡರೆ ತಾರಸಿ ಮೇಲೆ ನೀರು ನಿಂತು ಸೂರು ಸೋರುತ್ತದೆ. ಮಳೆಗೆ ಮುಂಚೆ ತಾರಸಿಗೆ ನೀರು ಚಿಮುಕಿಸಿ, ಧೂಳು ಏಳದಷ್ಟು ಮಾತ್ರ, ಆಮೇಲೆ ಗುಡಿಸಿ ಚೀಲಕ್ಕೆ ತುಂಬಿ ಕೆಳಗಿಳಿಸಿ. ನೀರು ಹೋಗುವ ಬಾಯಿಯ ಸುತ್ತ ಕೈಯಿಂದಲೇ ತೆಗೆಯಿರಿ. ಸ್ಲೈಡಿಂಗ್ ಕಿಟಕಿಯ ಹಳಿಯಲ್ಲೂ ಹೊರಬದಿಗೆ ಸಣ್ಣ ತೂತುಗಳಿರುತ್ತವೆ, ಅವು ಮುಚ್ಚಿಕೊಂಡರೆ ಮಳೆನೀರು ಕೋಣೆಯೊಳಗೆ ಬರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕೆದಕಿ, ಕಡ್ಡಿಯಿಂದ ತೂತು ಬಿಡಿಸಿ.

ಟ್ಯಾಂಕಿನ ಮುಚ್ಚಳ ಹಾರಿದೆಯೇ ನೋಡಿ. ತಳದಲ್ಲಿ ಮಣ್ಣು ಕೂತಿದ್ದರೆ ಖಾಲಿ ಮಾಡಿ ತೊಳೆಯುವುದೇ ವಾಸಿ. ಪ್ಯಾನೆಲ್ ತಣ್ಣಗಿರುವಾಗ, ಬೆಳಿಗ್ಗೆ ಬೇಗ ಅಥವಾ ಸಂಜೆ, ನೀರು ಹಾಯಿಸಿ ಮೃದು ಬಟ್ಟೆಯಲ್ಲಿ ಎಳೆಯಿರಿ. ಕಾದ ಗಾಜಿಗೆ ತಣ್ಣೀರು ಬೇಡ.

ರಸ್ತೆಯಲ್ಲಿ ಓಡಾಡುವ ಕೆಲಸದವರು
ಮನೆಯ ಮಾತೇ ನಡೆಯುತ್ತಿದೆ, ಮುಂದಿನದು ಬಂದಾಗ ಯಾರಾದರೂ ಹೊರಗಿದ್ದರೆ? ಗಾಡಿಯಲ್ಲಿದ್ದರೆ ರಸ್ತೆಯಿಂದ ಸಾಧ್ಯವಾದಷ್ಟು ದೂರ ಇಳಿಸಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು ಎಲ್ಲ ದೀಪ ಆರಿಸಿ. ಬ್ರೇಕ್ ಪೆಡಲಿನಿಂದಲೂ ಕಾಲು ತೆಗೆಯಿರಿ. ವಿಚಿತ್ರ ಅನ್ನಿಸಬಹುದು, ಆದರೆ ಹಿಂದಿನವನಿಗೆ ಏನೂ ಕಾಣುವುದಿಲ್ಲ, ನಿಮ್ಮ ಕೆಂಪು ದೀಪವನ್ನೇ ರಸ್ತೆಯ ಗುರುತು ಅಂದುಕೊಂಡು ಬಂದು ಗುದ್ದುತ್ತಾನೆ. ಬೆಲ್ಟ್ ಬಿಚ್ಚಬೇಡಿ. ನಡೆದು ಹೋಗುತ್ತಿದ್ದರೆ ಮರ, ಹೋರ್ಡಿಂಗ್, ತಗಡಿನ ಸೂರು ಇವುಗಳ ಕೆಳಗೆ ನಿಲ್ಲಬೇಡಿ. 2018ರ ಮೇ 2ರ ರಾತ್ರಿ ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ ಧೂಳುಮಾರುತ, ಗುಡುಗು ಮಳೆಗೆ ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳ ಮಂದಿಯನ್ನು ಕೊಂದದ್ದು ಕುಸಿದ ಗೋಡೆ, ಉರುಳಿದ ಮರ. ಮನೆಯೊಳಗೂ ಗಾಳಿ ಬೀಸುವ ಕಡೆಯ ಗಾಜಿನ ಪಕ್ಕ ಮಲಗಬೇಡಿ, ತಾರಸಿಯ ಮೇಲಿನ ಹೂಕುಂಡ, ಕುರ್ಚಿ, ತಗಡು ಮುಂಚೆಯೇ ಇಳಿಸಿ.

ಕಟ್ಟಡದ ಎಂಜಿನಿಯರ್
ತಯಾರಿಗೆ ಮತ್ತೆರಡು ಮಾತು. ಇಡೀ ಮನೆ ಬಿಗಿ ಮಾಡಲು ಹೋಗಬೇಡಿ, ಆಗುವುದಿಲ್ಲ. ಹೊರಗೋಡೆ ಕಡಿಮೆ ಇರುವ ಒಂದು ಕೋಣೆ ಆರಿಸಿ, ಅದರ ಕಿಟಕಿ ಚೌಕಟ್ಟಿಗೆ ಫೋಮ್ ಟೇಪ್, ಬಾಗಿಲಿನ ಅಡಿಗೆ ರಬ್ಬರ್ ಪಟ್ಟಿ ಹಾಕಿ. ಎಕ್ಸಾಸ್ಟ್ ತೂತಿಗೆ ಒಳಗಿನಿಂದ ರಟ್ಟು, ಅಂಚಿಗೆ ಟೇಪ್. ಗ್ಯಾಸ್ ಗೀಸರ್ ಇರುವ ಬಚ್ಚಲುಮನೆಯಾದರೆ ರಟ್ಟು ತೆಗೆಯುವವರೆಗೆ ಗೀಸರ್ ಹಚ್ಚಕೂಡದು. ಏರ್ ಪ್ಯೂರಿಫೈಯರ್ ಇದ್ದರೆ ಆ ಕೋಣೆಯಲ್ಲೇ ಇರಲಿ. ಅದರ ಹೊರಜಾಳಿಗೆ ತೊಳೆಯಬಹುದು, ಒಳಗಿನ ಹೆಪಾ ತೊಳೆಯುವಂಥದ್ದಲ್ಲ.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಎಕ್ಸಾಸ್ಟ್ ತೂತೇ ದೊಡ್ಡ ಕಳ್ಳ ಅಂತ ಊದುಬತ್ತಿ ಹೇಳಿತು. ಅತ್ತೆಯ ಉಸಿರು ಸರಿಯಿದೆ, ಒಳಗಿನಿಂದಲೇ ನನಗೆ ಆರ್ಡರ್ ಕೊಡುತ್ತಿದ್ದಾರೆ. ಕೊನೆಯದೊಂದು: ಕಪಾಟಿನ ತುಂಬ ಮಾವನವರ ಹಳೇ ಪುಸ್ತಕ. ಒದ್ದೆ ಬಟ್ಟೆ ತಾಗಿಸಲು ಭಯ.

ಇನ್ನೊಬ್ಬರು
ಇದೊಂದಕ್ಕೆ ಒಣ ಕೆಲಸವೇ ಸರಿ, ಅಕ್ಕ. ಪುಸ್ತಕವನ್ನು ಬಿಚ್ಚದೆ ಗಟ್ಟಿಯಾಗಿ ಹಿಡಿಯಿರಿ, ಇಲ್ಲದಿದ್ದರೆ ಧೂಳು ಹಾಳೆಗಳ ನಡುವೆ ಇಳಿಯುತ್ತದೆ. ಮೃದು ಬ್ರಷ್ಷಿನಿಂದ ಮೇಲಂಚನ್ನು ಬೆನ್ನಿನ ಕಡೆಯಿಂದ ಹೊರಕ್ಕೆ ಒಂದೇ ದಿಕ್ಕಿಗೆ ಗುಡಿಸಿ, ಬೀಳುವ ಜಾಗದಲ್ಲಿ ಒದ್ದೆ ಬಟ್ಟೆ ಹಾಸಿಡಿ. ಮಾಸ್ಕ್ ಹಾಕಿಕೊಂಡೇ ಮಾಡಿ. ಕಪಾಟಿನ ಹಲಗೆ ಒರೆಸಿ ಪೂರ್ತಿ ಆರಿದ ಮೇಲೆ ವಾಪಸ್ ಜೋಡಿಸಿ. ಇನ್ನೊಂದು ಮಾರುತ ಬರುವುದಿದೆಯಲ್ಲ, ಅದು ಹೋಗುವವರೆಗೆ ಕಪಾಟಿನ ಮುಂದೆ ಹಳೇ ಚಾದರ ಇಳಿಬಿಡಿ.