ಅಷ್ಟು ಸಲ ಭೇದಿ ಆದ್ರೂ ಬ್ಯಾಕ್ಟೀರಿಯಾ ಯಾಕೆ ಕೊಚ್ಕೊಂಡು ಹೋಗಲ್ಲ?

ಪ್ರಶ್ನೆ: ಮೇಡಂ ನಮಸ್ತೆ, ಒಂದೂವರೆ ವರ್ಷದ ಮಗಳಿಗೆ ವಾರದಿಂದ ಲೂಸ್ ಮೋಷನ್, ನೀರ್ನೀರಾಗಿ ಹೋಗ್ತಿತ್ತು, ಸ್ಟೂಲ್ ಟೆಸ್ಟಲ್ಲಿ ಇಪಿಇಸಿ ಅಂತ ಬಂದಿದೆ. ಡಾಕ್ಟ್ರು ಓಆರ್‌ಎಸ್, ಜಿಂಕ್ ಕೊಟ್ಟಿದಾರೆ, ಈಗ ಪರವಾಗಿಲ್ಲ. ಆದ್ರೆ ಒಂದು ಡೌಟು, ದಿನಕ್ಕೆ ಅಷ್ಟು ಸಲ ಹೋದ್ರೆ ಹೊಟ್ಟೆ ಪೂರ್ತಿ ತೊಳೆದು ಹೋಗ್ಬೇಕಲ್ವಾ, ಅದು ಇನ್ನೂ ಹೆಂಗೆ ಒಳಗೇ ಉಳ್ಕೊಳತ್ತೆ?

ಉತ್ತರ: ನಮಸ್ತೆ ಸರ್. ಇದೇ ಪ್ರಶ್ನೆ ಮೇಲೆ ನಾನು ಸ್ಟೂಡೆಂಟ್ಸ್‌ಗೆ ಒಂದಿಡೀ ಕ್ಲಾಸ್ ತಗೋತೀನಿ! ಇಪಿಇಸಿ ಅಂದ್ರೆ ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾದ್ದೇ ಒಂದು ಬಗೆ, ಎರಡು ವರ್ಷದೊಳಗಿನ ಮಕ್ಕಳಿಗೆ ಜಾಸ್ತಿ ಕಾಟ ಕೊಡತ್ತೆ. ಸಣ್ಣ ಕರುಳಿಗೆ ಬಂದ್ಮೇಲೆ ಮೊದ್ಲು ಮೈಮೇಲಿರೋ ಕೂದಲಿನಂಥ ಎಳೆಗಳಿಂದ, ಪಿಲೈ ಅಂತೀವಿ, ಒಂದಕ್ಕೊಂದು ಹೆಣ್ಕೊಂಡು ಗುಂಪಾಗಿ ಕರುಳಿನ ಜೀವಕೋಶಕ್ಕೆ ಸಡಿಲವಾಗಿ ಅಂಟ್ಕೊಳತ್ತೆ. ಇಷ್ಟೇ ಆಗಿದ್ರೆ ನೀವು ಹೇಳಿದ ಹಾಗೆ ಕೊಚ್ಕೊಂಡು ಹೋಗ್ತಿತ್ತೇನೋ.

ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಅಂಟ್ಕೋಬೇಕಾದ್ರೆ ನಮ್ಮ ಜೀವಕೋಶದ ಮೇಲೆ ಅದಕ್ಕೆ ಸರಿಹೊಂದೋ ರಿಸೆಪ್ಟರ್, ಅಂದ್ರೆ ಹಿಡ್ಕೊಳ್ಳೋಕೆ ಒಂದು ಕೊಂಡಿ, ಇರ್ಬೇಕು. ಇಪಿಇಸಿ ಅದಕ್ಕೆ ಕಾಯಲ್ಲ, ಊಟಕ್ಕೆ ಕರೆಯದೆ ಬಂದವನು ಮಣೆನೂ ತಾನೇ ತಂದು ಹಾಕ್ಕೊಂಡು ಕೂತ ಹಾಗೆ. ಒಂದು ಟೊಳ್ಳು ಕೊಳವೆ ಕಟ್ಟಿ, ಅದರ ಮೂಲಕ 'ಟಿರ್' ಅನ್ನೋ ತನ್ನದೇ ಪ್ರೋಟೀನನ್ನ ನಮ್ಮ ಜೀವಕೋಶದೊಳಗೆ ತಳ್ಳತ್ತೆ, ಅದು ಹೋಗಿ ಜೀವಕೋಶದ ಹೊರಪೊರೆಯಲ್ಲಿ ಸೇರ್ಕೊಳತ್ತೆ, ಆಮೇಲೆ ಬ್ಯಾಕ್ಟೀರಿಯಾದ ಮೈಮೇಲಿರೋ 'ಇಂಟಿಮಿನ್' ಅನ್ನೋ ಪ್ರೋಟೀನು ಆ ಟಿರ್‌ಗೇ ಗಟ್ಟಿಯಾಗಿ ಕಚ್ಕೊಳತ್ತೆ. ಈ ರಿಸೆಪ್ಟರ್ ಮನುಷ್ಯರದೇ ಪ್ರೋಟೀನು ಅಂತ ಮೊದ್ಲು ಎಲ್ರೂ ಅಂದ್ಕೊಂಡಿದ್ರು, 1997ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಬ್ರೆಟ್ ಫಿನ್ಲೆ ಅವರ ತಂಡ ಅಲ್ಲ ಅದು ಬ್ಯಾಕ್ಟೀರಿಯಾದ್ದೇ ಅಂತ ತೋರಿಸಿದ್ರು. ನನಗಂತೂ ಈಗ್ಲೂ ಪಾಠ ಮಾಡುವಾಗ ಮೈ ಜುಂ ಅನ್ನತ್ತೆ.

ಕಚ್ಕೊಂಡ ಜಾಗದಲ್ಲಿ ಕರುಳಿನ ಮೈಕ್ರೋವಿಲ್ಲೈ, ಅಂದ್ರೆ ನೀರು ಆಹಾರ ಹೀರೋ ಸಣ್ಣ ಸಣ್ಣ ಎಳೆಗಳು, ಅಳಿಸಿ ಹೋಗತ್ತೆ, ಜೀವಕೋಶದೊಳಗಿನ ಆಕ್ಟಿನ್, ಅಂದ್ರೆ ಜೀವಕೋಶಕ್ಕೆ ಆಕಾರ ಕೊಡೋ ಪ್ರೋಟೀನು, ಅಲ್ಲೇ ಕೆಳಗೆ ಸೇರಿ ದಿಬ್ಬದ ಥರ ಎದ್ದು ನಿಲ್ಲತ್ತೆ, ಬ್ಯಾಕ್ಟೀರಿಯಾ ಅದರ ಮೇಲೆ ಕೂರತ್ತೆ. ಹೀರೋ ಶಕ್ತಿ ಕಮ್ಮಿ ಆಗೋದೂ ಭೇದಿಗೆ ಒಂದು ಕಾರಣ. ಇದಕ್ಕೆ ಬೇಕಾದ ಜೀನ್‌ಗಳು ಬಹುಪಾಲು ಎಲ್‌ಇಇ ಅನ್ನೋ ಒಂದೇ ತುಂಡು ಡಿಎನ್‌ಎಯಲ್ಲಿವೆ, ಹ್ಯಾಂಬರ್ಗರ್‌ನಿಂದ ಹರಡಿ 1982ರಲ್ಲಿ ಅಮೆರಿಕದಲ್ಲಿ ಸುದ್ದಿಯಾದ ಓ157 ಇ. ಕೋಲಿಯಲ್ಲೂ ಅದೇ ತುಂಡು ಇದೆ.

ಇನ್ನೊಬ್ರು: ಮೇಡಂ ಯೂರಿನ್ ಇನ್‌ಫೆಕ್ಷನ್‌ಗೆ ಡಿ-ಮ್ಯಾನೋಸ್ ಪುಡಿ ಮಾರ್ತಾರಲ್ಲ, ಬ್ಯಾಕ್ಟೀರಿಯಾ ಅಂಟದ ಹಾಗೆ ಮಾಡತ್ತಂತೆ, ಇದಕ್ಕೂ ಕೊಡಬಹುದಾ?

ಉತ್ತರ: ಬೇಡಮ್ಮ. ಮೂತ್ರಕೋಶದ ಇ. ಕೋಲಿ ಅಲ್ಲಿನ ಜೀವಕೋಶದ ಮೇಲಿರೋ ಮ್ಯಾನೋಸ್ ಸಕ್ಕರೆಯನ್ನ ಹಿಡ್ಕೊಳತ್ತೆ, ಪುಡಿ ಕೊಟ್ರೆ ಅದನ್ನೇ ಹಿಡ್ಕೊಂಡು ಹೊರಗೆ ಹೋಗ್ಲಿ ಅನ್ನೋ ಲೆಕ್ಕ. ಲೆಕ್ಕ ಚೆನ್ನಾಗಿದೆ, ಆದ್ರೆ 2024ರಲ್ಲಿ ಬ್ರಿಟನ್ನಿನಲ್ಲಿ ಪದೇ ಪದೇ ಯೂರಿನ್ ಇನ್‌ಫೆಕ್ಷನ್ ಆಗೋ ಹೆಂಗಸರ ಮೇಲೆ ಮಾಡಿದ ಟ್ರಯಲ್‌ನಲ್ಲಿ ಅಲ್ಲೂ ಪ್ರಯೋಜನ ಕಾಣಲಿಲ್ಲ. ಇಲ್ಲಂತೂ ಗಟ್ಟಿ ಹಿಡಿತ ಟಿರ್, ಇಂಟಿಮಿನ್ ಎರಡು ಪ್ರೋಟೀನ್‌ಗಳ ಮಧ್ಯೆ, ಮ್ಯಾನೋಸ್‌ಗೆ ಏನೂ ಕೆಲ್ಸ ಇಲ್ಲ. ಎದೆಹಾಲು ಮಾತ್ರ ನಿಜವಾಗ್ಲೂ ಸಹಾಯ ಮಾಡತ್ತೆ, ಅದರಲ್ಲಿರೋ ಆ್ಯಂಟಿಬಾಡಿಗಳು, ಕೆಲವು ಸಕ್ಕರೆಗಳು ಅಂಟೋದಕ್ಕೇ ಅಡ್ಡ ಬರತ್ತೆ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ, ಹಾಗಾದ್ರೆ ಅದು ಹೋಗೋದು ಹೆಂಗೆ? ಮೋಷನ್ ನಿಂತಿದೆ, ಜಿಂಕ್ ನಿಲ್ಲಿಸ್ಬೋದಾ?

ಉತ್ತರ: ಕರುಳಿನ ಒಳಪದರದ ಜೀವಕೋಶ ಕೆಲವೇ ದಿನದಲ್ಲಿ ಉದುರಿ ಹೊಸದು ಬರತ್ತೆ, ಜೊತೆಗೆ ಮಗುವಿನ ಇಮ್ಯೂನಿಟಿನೂ ಕೆಲ್ಸ ಮಾಡತ್ತೆ, ಹೆಚ್ಚಿನ ಮಕ್ಕಳಲ್ಲಿ ಹಾಗೇ ಹೋಗತ್ತೆ. ಜಿಂಕ್ ನಿಲ್ಲಿಸ್ಬೇಡಿ, ಡಾಕ್ಟ್ರು ಬರೆದಷ್ಟು ದಿನ ಮುಗಿಸಿ, ಸಾಮಾನ್ಯವಾಗಿ 10ರಿಂದ 14 ದಿನ ಬರೀತಾರೆ. ಭೇದಿ ನಿಲ್ಲಿಸೋ ಮಾತ್ರೆ ನೀವಾಗೇ ಮೆಡಿಕಲ್ ಶಾಪಿಂದ ತಂದು ಕೊಡೋದು ಬೇಡವೇ ಬೇಡ. ಮತ್ತೆ ಶುರುವಾಗಿ ರಕ್ತ ಕಂಡ್ರೆ, ಉಚ್ಚೆ ಕಮ್ಮಿ ಆದ್ರೆ, ಮಗು ಮಂಕಾಗಿ ಬಿದ್ಕೊಂಡ್ರೆ ಇಲ್ಲಿ ಬರೀತಾ ಕೂರ್ಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.