ಯಮತೊ ತಕೆರುವಿನ ವಂಶವೃಕ್ಷ: ಕಗುರೊಹಿಮೆಯನ್ನು ಎಲ್ಲಿ ಕೂರಿಸುವುದು?

ತಾಳೆಗರಿ:
ಜಪಾನಿನ ಪುರಾತನ ಚರಿತ್ರೆಯ ಗ್ರಂಥಗಳಾದ ಕೊಜಿಕಿ (712), ನಿಹೊನ್ ಶೋಕಿ (720) ಎರಡನ್ನೂ ಇಟ್ಟುಕೊಂಡು, ಅಲ್ಲಿನ ದಂತಕಥೆಯ ವೀರ ರಾಜಕುಮಾರ ಯಮತೊ ತಕೆರುವಿನ ವಂಶವೃಕ್ಷವನ್ನು ತಂತ್ರಾಂಶದಲ್ಲಿ ತಯಾರಿಸುತ್ತಿದ್ದೇನೆ. ಅಪ್ಪ 12ನೇ ಚಕ್ರವರ್ತಿ ಕೆಯ್ಕೊ, ಮಗ 14ನೇ ಚಕ್ರವರ್ತಿ ಚೂಆಯ್. ಅಲ್ಲಿಯವರೆಗೆ ತೊಡಕಿಲ್ಲ. ಆದರೆ ಕೆಯ್ಕೊನ ಹೆಂಡಿರ ಸಾಲಿನಲ್ಲಿ ಕಗುರೊಹಿಮೆ ಎಂಬುವಳಿದ್ದಾಳೆ, ಅವಳು ತಕೆರುವಿನ ಮೊಮ್ಮಗನ ಮಗಳು! ಮುತ್ತಾತನ ಅಪ್ಪನನ್ನೇ ಮದುವೆಯಾದಂತಾಯಿತು. ತಂತ್ರಾಂಶ ಇದನ್ನು ದೋಷ ಎಂದು ತೋರಿಸುತ್ತಿದೆ. ತಕೆರುವಿನ ಇನ್ನೊಬ್ಬ ಮಗ ಇನಯೊರಿವಕೆಯ ತಾಯಿ ಯಾರು ಅನ್ನುವುದರಲ್ಲೂ ಗೊಂದಲ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಹಳೆಕಡತ:
ಮೊದಲು ಎರಡು ಗ್ರಂಥಗಳನ್ನು ಒಂದೇ ಮರಕ್ಕೆ ಕಟ್ಟುವುದನ್ನು ನಿಲ್ಲಿಸಿ. ಎರಡು ಪ್ರತ್ಯೇಕ ಕಡತ ಮಾಡಿ. ಕೊಜಿಕಿಯಲ್ಲಿ ತಕೆರುವಿಗೆ 6 ಹೆಂಡಿರು, ತಲಾ ಒಂದರಂತೆ 6 ಮಕ್ಕಳು. ನಿಹೊನ್ ಶೋಕಿಯಲ್ಲಿ 3 ಹೆಂಡಿರು, 7 ಮಕ್ಕಳು. ಬೆರೆಸಿದರೆ ಒಬ್ಬನೇ ಮಗ ಎರಡು ಸಲ ಹುಟ್ಟಿರುತ್ತಾನೆ.

ಇನಯೊರಿವಕೆಯ ವಿಷಯದಲ್ಲಿ ಆಗಿರುವುದು ಇದೇ. ಕೊಜಿಕಿಯಲ್ಲಿ ಫುತಜಿ ಎಂದು ಶುರುವಾಗುವ ಹೆಸರಿನ ಹೆಂಡತಿಯರು ಇಬ್ಬರು. ಫುತಜಿ ನೊ ಇರಿಹಿಮೆ 11ನೇ ಚಕ್ರವರ್ತಿ ಸುಯ್ನಿನ್‌ನ ಮಗಳು, ಅಂದರೆ ತಕೆರುವಿಗೆ ಅಪ್ಪನ ಮಲತಂಗಿ. ಅವಳ ಮಗ ಚೂಆಯ್. ಇನ್ನೊಬ್ಬಳು ಬರೀ ಫುತಜಿ, ಓಮಿ ನಾಡಿನ ಯಸು ಮನೆತನದವಳು. ಇನಯೊರಿವಕೆ ಇವಳ ಮಗ. ನಿಹೊನ್ ಶೋಕಿ ಇಬ್ಬರೂ ಮಕ್ಕಳನ್ನು ಇರಿಹಿಮೆಯ ಮಡಿಲಿಗೇ ಹಾಕುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ: ಓಮಿಯ ಇನುಕಮಿ ಮತ್ತು ತಕೆಬೆ ಕುಲಗಳು ಇನಯೊರಿವಕೆಯನ್ನೇ ಮೂಲಪುರುಷ ಅನ್ನುತ್ತವೆ. 614ರಲ್ಲಿ ಸುಯ್ ಚೀನಾಕ್ಕೂ 630ರಲ್ಲಿ ತಾಂಗ್ ಚೀನಾಕ್ಕೂ ರಾಯಭಾರಿಯಾಗಿ ಹೋದ ಇನುಕಮಿ ನೊ ಮಿತಸುಕಿ ಈ ಕುಲದವನು. ತಾಯಿ ಓಮಿಯ ಹೆಣ್ಣಾದರೆ ಕುಲ ಓಮಿಯಲ್ಲೇ ಬೇರು ಬಿಟ್ಟಿದ್ದಕ್ಕೆ ಅರ್ಥ ಸಿಗುತ್ತದೆ. ನನ್ನ ಮಟ್ಟಿಗೆ ಇಲ್ಲಿ ಕೊಜಿಕಿಯ ಮಾತೇ ಹೆಚ್ಚು ಗಟ್ಟಿ.

ಇನ್ನು ಕಗುರೊಹಿಮೆ. ಕೊಜಿಕಿಯ ಸಾಲು ಹೀಗಿದೆ: ತಕೆರು ಮತ್ತು ಒತೊತಚಿಬನಹಿಮೆಯ ಮಗ ವಕತಕೆರು, ಅವನ ಮಗ ಸುಮೆಯ್‌ರೊ ಓನಕತ್ಸುಹಿಕೊ, ಅವನ ಮಗಳು ಕಗುರೊಹಿಮೆ. ಇವಳಿಗೂ ಕೆಯ್ಕೊಗೂ ಹುಟ್ಟಿದವನು ರಾಜಕುಮಾರ ಓಎ. ಓಎಯ ಮಗಳು ಓನಕತ್ಸುಹಿಮೆ ಮತ್ತೆ ಚೂಆಯ್‌ಗೆ ಹೆಂಡತಿ. ನಿಹೊನ್ ಶೋಕಿಯಲ್ಲಿ ಇದೇ ಹೆಣ್ಣು ಚೂಆಯ್‌ನ ಚಿಕ್ಕಪ್ಪ ಹಿಕೊಹಿತೊ ನೊ ಓಎ ಎಂಬುವನ ಮಗಳು. ಹಿಕೊಹಿತೊ ಕೆಯ್ಕೊನ ಮಗ, ಕೊಜಿಕಿಯ ಪ್ರಕಾರ ತಕೆರುವಿನ ಸ್ವಂತ ಚಿಕ್ಕಮ್ಮನಿಗೆ ಹುಟ್ಟಿದವನು. ಅವನನ್ನು ಹಾಕಿದರೆ ತಲೆಮಾರುಗಳು ಸರಿಯಾಗಿ ಕೂರುತ್ತವೆ. ಇಬ್ಬರು ಓಎಗಳು ಕಲೆಸಿಹೋಗಿದ್ದಾರೆ ಎಂದು ಓದುವುದೇ ಸರಿ ಅನಿಸುತ್ತದೆ.

ತಂತ್ರಾಂಶದಲ್ಲಿ ಮಾಡಬೇಕಾದ್ದು: ಕೊಜಿಕಿಯ ಕಡತದಲ್ಲಿ ಕಗುರೊಹಿಮೆಗೆ ಎರಡು ನಮೂದು ಕೊಡಿ, ಒಂದು ಓನಕತ್ಸುಹಿಕೊನ ಮಗಳಾಗಿ, ಇನ್ನೊಂದು ಕೆಯ್ಕೊನ ಹೆಂಡತಿಯಾಗಿ. ಟಿಪ್ಪಣಿಯಲ್ಲಿ 'ಗ್ರಂಥದ ಪ್ರಕಾರ ಒಬ್ಬಳೇ' ಎಂದು ಬರೆದು ಎರಡಕ್ಕೂ ಪರಸ್ಪರ ಕೊಂಡಿ ಹಾಕಿ. ಅವಳನ್ನು ಅಳಿಸಬೇಡಿ.

ಮೂಡಣಗಾಳಿ:
ಜನನ, ಮರಣದ ಇಸವಿಗಳನ್ನೂ ತುಂಬುತ್ತಿದ್ದರೆ ಇನ್ನೊಂದು ದೋಷ ಬರುತ್ತದೆ. ನಿಹೊನ್ ಶೋಕಿಯ ಲೆಕ್ಕದಲ್ಲಿ ತಕೆರು ಸತ್ತಿದ್ದು ಕೆಯ್ಕೊ ಆಳ್ವಿಕೆಯ 43ನೇ ವರ್ಷ. ಆ ಆಳ್ವಿಕೆ 60ನೇ ವರ್ಷಕ್ಕೆ ಮುಗಿಯಿತು. ಮುಂದೆ 13ನೇ ಚಕ್ರವರ್ತಿ ಸೇಮುವಿನ 48ನೇ ವರ್ಷದಲ್ಲಿ ಚೂಆಯ್ 31ರ ಪ್ರಾಯದಲ್ಲಿ ಯುವರಾಜನಾದ. ಹುಟ್ಟಿದ ವರ್ಷವನ್ನೇ 1 ಎಂದು ಹಿಡಿದು ಹಿಂದಕ್ಕೆ ಎಣಿಸಿದರೆ ಹುಟ್ಟಿದ್ದು ಸೇಮುವಿನ 18ನೇ ವರ್ಷ. 17ಕ್ಕೆ 18 ಕೂಡಿಸಿ: ಅಪ್ಪ ಸತ್ತು 35 ವರ್ಷಕ್ಕೆ ಮಗ! ತಕೆರುವಿನ ವಯಸ್ಸೂ ಹೊಂದುವುದಿಲ್ಲ. ಕೆಯ್ಕೊನ 27ನೇ ವರ್ಷದಲ್ಲಿ ಕುಮಸೊ ಎಂಬ ಬುಡಕಟ್ಟಿನ ಮೇಲೆ ಹೊರಟಾಗ 16 ಅಂತಿದೆ, 43ಕ್ಕೆ 32 ಆಗಬೇಕು, ಗ್ರಂಥ 30 ಅನ್ನುತ್ತದೆ. ಆದ್ದರಿಂದ ಇಸವಿಯ ಅಂಕಣ ಖಾಲಿ ಬಿಡಿ, ಆಳ್ವಿಕೆಯ ವರ್ಷವನ್ನು ಟಿಪ್ಪಣಿಯಲ್ಲಿ ಮಾತ್ರ ಬರೆಯಿರಿ. ಕೊಜಿಕಿಯಲ್ಲಿ ತಕೆರು ಸತ್ತ ವರ್ಷವೇ ಇಲ್ಲ, ಅಲ್ಲಿ ಈ ತಕರಾರು ಏಳದು.

ತಾಯಿಯ ಕಡೆಯೂ ಗಮನಿಸಿ. ಕೊಜಿಕಿಯಂತೆ ತಕೆರುವಿನ ತಾಯಿ, ಹರಿಮದ ಇನಬಿ ನೊ ಓಯಿರತ್ಸುಮೆ, 7ನೇ ಚಕ್ರವರ್ತಿ ಕೋರೆಯ್‌ನ ಮೊಮ್ಮಗಳು, ಕಿಬಿ ಕುಲದ ಮೂಲಪುರುಷನ ಮಗಳು. ಗಂಡ ಕೆಯ್ಕೊ ಅದೇ ಕೋರೆಯ್‌ನಿಂದ 5ನೇ ತಲೆ. ಮೂರು ತಲೆಮಾರಿನ ಅಂತರ. ಪೀಳಿಗೆಯ ಸಾಲು ನೇರ ಬರಲೆಂದು ನಡುವೆ ಹೆಸರಿಲ್ಲದ ವ್ಯಕ್ತಿಗಳನ್ನು ತುರುಕಬೇಡಿ.

ತಾಳೆಗರಿ:
ಎರಡೂ ಉಪಯೋಗವಾಯಿತು. ತಕೆರುವಿನ ಇನ್ನೊಬ್ಬ ಹೆಂಡತಿ, ಓವರಿ ನಾಡಿನ ಮಿಯಝುಹಿಮೆಗೆ ಮಕ್ಕಳನ್ನು ತೋರಿಸಬೇಕೇ? ಕೊಜಿಕಿಯಲ್ಲಿ ಹೆಸರೇ ಇಲ್ಲದ 'ಒಬ್ಬ ಹೆಂಡತಿ'ಯ ಮಗ ಒಕಿನಗ ತವಕೆಯನ್ನು ಕೈಬಿಡಬಹುದೇ?

ಹಳೆಕಡತ:
ಮಿಯಝುಹಿಮೆಗೆ ಎರಡೂ ಪಟ್ಟಿಯಲ್ಲಿ ಮಕ್ಕಳಿಲ್ಲ. ಅವಳ ಪಾಲಿಗೆ ಉಳಿದದ್ದು ತಕೆರುವಿನ ಕುಸನಗಿ ಖಡ್ಗ, ಅದು ಅತ್ಸುತ ದೇಗುಲದ ಮೂಲ.

ತವಕೆಯನ್ನು ಮಾತ್ರ ದಯವಿಟ್ಟು ಬಿಡಬೇಡಿ, ಇಡೀ ಮರದಲ್ಲಿ ಬಹಳ ಮುಖ್ಯವಾದ ಕೊಂಬೆ ಅದು. ಅವನ ಮಗ ಕುಯಿಮತ ನಗಹಿಕೊ, ಇವನಿಗೆ ಮೂವರು ಹೆಣ್ಣುಮಕ್ಕಳು. ಹಿರಿಯಳು ವಕತಕೆರುವಿನ ಹೆಂಡತಿ, ಕಗುರೊಹಿಮೆಯ ಅಜ್ಜಿ. ಎರಡನೆಯವಳು ಚೂಆಯ್‌ನ ಮಗ ಓಜಿನ್‌ನನ್ನು ಮದುವೆಯಾಗಿ ವಕನುಕೆ ಫುತಮತ ಎಂಬ ಮಗನನ್ನು ಹೆತ್ತಳು. 507ರಲ್ಲಿ ಪಟ್ಟಕ್ಕೆ ಬಂದ 26ನೇ ಚಕ್ರವರ್ತಿ ಕೇತಾಯ್ ತನ್ನನ್ನು ಓಜಿನ್‌ನ 5ನೇ ತಲೆ ಎಂದು ಹೇಳಿಕೊಂಡದ್ದು ಈ ವಕನುಕೆ ಫುತಮತನ ಮೂಲಕ. ತವಕೆಯ ಹೆಸರಿನಲ್ಲಿರುವ ಒಕಿನಗ ಓಮಿಯ ಒಂದು ಮನೆತನ, ಓಜಿನ್‌ನ ತಾಯಿ ಜಿಂಗೂ ಕೂಡ ಆ ಹೆಸರಿನವಳೇ. ಹೆಸರಿಲ್ಲದ ತಾಯಿಯ ಮಗನ ಸಂತತಿಯನ್ನು ಕೊಜಿಕಿ ಇಷ್ಟು ಬಿಡಿಸಿ ಬರೆದಿರುವುದಕ್ಕೂ ಈ ಮನೆತನ ಅರಮನೆಗೆ ಹತ್ತಿರವಾದದ್ದಕ್ಕೂ ನಂಟಿದೆ ಎಂದೇ ನಾನು ಓದುತ್ತೇನೆ. ಕಗುರೊಹಿಮೆಯ ಗಂಟು ಬಿದ್ದಿರುವುದೂ ಈ ಕೊಂಬೆಯಲ್ಲೇ, ಹಾಗಾಗಿ ಮೊದಲು ಇದನ್ನು ಬರೆದು ಮುಗಿಸಿ, ಉಳಿದವರನ್ನು ಆಮೇಲೆ ಸೇರಿಸಿ.